ಮಳೆಯ ನಾಡಿನಲ್ಲಿ ಬಿಸಿಲಿನ ದೀಪ

ಕೊಡಗಿನಲ್ಲಿ ನಾಲ್ವರು ಸೇರಿದೆಡೆ ಮಾತು ಮಳೆಯಿಂದಲೇ ಆರಂಭವಾಗುವುದು ಹೊಸತೇನಲ್ಲ. ಆದರೆ 2018ರ ಆಗಸ್ಟ್ ನಂತರ ಆ ಮಾತಿನ ಧಾಟಿ ಬದಲಾಗಿದೆ. ಆ ತಿಂಗಳು ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಮನೆ ತೋಟಗಳ ಸಮೇತ ಕುಸಿದವು. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಅದೇ ದುರಂತ ಮರುಕಳಿಸಿತು. 2023ರ ಆಗಸ್ಟ್ ಆದರೋ, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎನಿಸಿತು. ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಹಿರಿಯರು ಈ ಕುರಿತು ಎರಡು ಪಕ್ಷವಾಗಿ ವಾದಿಸುವುದನ್ನು ನಾವು ಆಗಾಗ ಕೇಳುತ್ತೇವೆ.

ಒಂದು ಪಕ್ಷದ ಅಸ್ತ್ರ 1924ರ ಜುಲೈ. ಕಾವೇರಿ ಅಂದು ಕಂಡ ಮಹಾಪ್ರವಾಹದ ಕಾಲದಲ್ಲಿ ಈ ನಾಡಿನಲ್ಲಿ ಮೋಟಾರುಗಳೆಷ್ಟಿದ್ದವು, ಕಾರ್ಖಾನೆಗಳೆಲ್ಲಿದ್ದವು ಎಂಬ ಅವರ ಪ್ರಶ್ನೆ ಬಾಲಿಶವಾದುದಲ್ಲ. ಒಂದು ಮಹಾಮಳೆಯಿಂದ ಏನನ್ನೂ ಸಿದ್ಧಪಡಿಸಲಾಗದು, ನಿಜ. ಆದರೆ ಗಾಳಿ ಒಂದು ಡಿಗ್ರಿಯಷ್ಟು ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಹೊತ್ತದ್ದನ್ನು ಕೆಲವೇ ದಿನಗಳಲ್ಲಿ ಸುರಿದುಬಿಡುವ ಸಂಭವವೂ ಹೆಚ್ಚು. ಇದು ಭೌತಶಾಸ್ತ್ರ, ಅಭಿಪ್ರಾಯವಲ್ಲ. ಹಾಗೆಂದು ಎಲ್ಲವನ್ನೂ ಆಕಾಶದ ತಲೆಗೆ ಕಟ್ಟುವುದೂ ಸಲ್ಲದು. ಮನೆಗಾಗಿ, ರಸ್ತೆಗಾಗಿ ಇಳಿಜಾರನ್ನು ಕಡಿದದ್ದೂ 2018ರ ಕುಸಿತಗಳಿಗೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೇ ಹೇಳಿದೆ.

ಕಾಫಿ ಬೆಳೆಗಾರನಿಗೆ ಈ ವಾದ ಪುಸ್ತಕದ್ದಲ್ಲ. ಫೆಬ್ರವರಿ, ಮಾರ್ಚ್‌ನ ಹೂಮಳೆ ತಪ್ಪಿದರೆ ರೊಬಸ್ಟಾ ಗಿಡಕ್ಕೆ ಸ್ಪ್ರಿಂಕ್ಲರ್ ಹಿಡಿಯಬೇಕು, ಪಂಪಿಗೆ ಡೀಸೆಲ್ ಸುಡಬೇಕು. ಕೊಯ್ಲಿನ ಕಾಲದಲ್ಲಿ ಅಕಾಲ ಮಳೆ ಬಂದರೆ ಹಣ್ಣು ನೆಲಕ್ಕುದುರುತ್ತದೆ, ಕಣದಲ್ಲಿ ಹರಡಿದ್ದು ಬೂಷ್ಟು ಹಿಡಿಯುತ್ತದೆ.

ಈಗ ಮನೆಯ ವಿದ್ಯುತ್ತಿನ ಮಾತು. 2024ರ ಫೆಬ್ರವರಿಯಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ 3 ಕಿಲೋವಾಟ್ ಸೌರ ಘಟಕಕ್ಕೆ 78,000 ರೂಪಾಯಿ ಸಹಾಯಧನವುಂಟು. ಇದನ್ನು ಕಂಡು ನಮ್ಮ ಹಲವು ಕುಟುಂಬಗಳು ಸಾಲ ಮಾಡಲೂ ಸಿದ್ಧವಾಗಿವೆ. ಅವರಿಗೆ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಸಬಯಸುತ್ತೇವೆ. ಹೊರಗಿನ ವಿದ್ಯುತ್ ಜಾಲಕ್ಕೆ ಮಾತ್ರ ಜೋಡಿಸಿದ ಘಟಕವು, ಆ ಜಾಲದಲ್ಲಿ ವಿದ್ಯುತ್ ನಿಂತೊಡನೆ ತಾನೂ ನಿಲ್ಲುತ್ತದೆ. ಕಂಬವೇರಿ ದುರಸ್ತಿ ಮಾಡುವ ನೌಕರನ ಪ್ರಾಣರಕ್ಷಣೆಗಾಗಿ ಹಾಗೆಯೇ ಅದನ್ನು ರಚಿಸಲಾಗಿದೆ. ಕೊಡಗಿನಲ್ಲಿ ಕತ್ತಲಾಗುವುದು ಬಹುಪಾಲು ಗಾಳಿಮಳೆಗೆ ಮರವುರುಳಿ ತಂತಿ ತುಂಡಾದಾಗ. ಅಂತಹ ರಾತ್ರಿ ಬ್ಯಾಟರಿಯಿಲ್ಲದ ಫಲಕ ಛಾವಣಿಯ ಅಲಂಕಾರವಷ್ಟೆ. ಬಿಲ್ಲು ಇಳಿಸಲು ಬೇಕೋ, ದೀಪ ಉಳಿಸಲು ಬೇಕೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಸಿಲ್ವರ್ ಓಕ್ ನೆರಳು ಒಂದು ಫಲಕದ ಮೇಲೆ ಬಿದ್ದರೂ ಅದರೊಡನೆ ಸಾಲಾಗಿ ಜೋಡಿಸಿದ ಉಳಿದವುಗಳ ಇಳುವರಿಯೂ ಕುಗ್ಗಬಹುದು. ಮಾರಲು ಬಂದವರು ಇದನ್ನು ತಾವಾಗಿ ಹೇಳುವುದು ಅಪರೂಪ.

ಕಕ್ಕಡದಲ್ಲಿ ಸೂರ್ಯ ಮುಖ ತೋರದಾಗ ತೋಟದ ಕೊಲ್ಲಿ ಉಕ್ಕಿ ಹರಿಯುತ್ತಿರುತ್ತದೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಕೊಳವೆಯಲ್ಲಿಳಿದು ಪುಟ್ಟ ಟರ್ಬೈನನ್ನು ತಿರುಗಿಸಿದರೆ, ನಷ್ಟವೆಲ್ಲ ಕಳೆದು ಸುಮಾರು 1 ಕಿಲೋವಾಟ್ ದೊರೆಯುತ್ತದೆ; ಹಗಲಿರುಳು ತಿರುಗಿದರೆ ದಿನಕ್ಕೆ 24 ಯೂನಿಟ್. ಮಲೆನಾಡಿನ ಎಷ್ಟೋ ಒಂಟಿಮನೆಗಳು ಇಂತಹ ಪಿಕೋ ಜಲವಿದ್ಯುತ್ತಿನಿಂದ ಬೆಳಗಿವೆ. ಕ್ರೆಡಲ್ ಸಂಸ್ಥೆಯು ಅದಕ್ಕೆ ಸಹಾಯಧನವನ್ನೂ ಕೊಟ್ಟದ್ದುಂಟು. ಕೊಳವೆಯ ಬಾಯಿಗೆ ಸಿಕ್ಕಿಕೊಳ್ಳುವ ತರಗೆಲೆಯನ್ನು ಪ್ರತಿದಿನ ತೆಗೆಯಬೇಕಾದ ಕಷ್ಟವಿದೆ. ಬೇಸಿಗೆಯಲ್ಲಿ ಕೊಲ್ಲಿ ಬತ್ತುತ್ತದೆ, ಆಗ ಬಿಸಿಲು ಧಾರಾಳ. ಒಂದು ಹಿಂಜರಿದಲ್ಲಿ ಇನ್ನೊಂದು ಮುಂದೆ ಬರುವ ಈ ಅನುಕೂಲ ಬಯಲುಸೀಮೆಯವರಿಗೆ ಎಲ್ಲಿಯದು? ನಾಲ್ಕು ದನಗಳಿದ್ದರೆ ಗೋಬರ್ ಅನಿಲವೂ ಇದೆ, ಚಳಿಯಲ್ಲಿ ಸ್ವಲ್ಪ ಸೋಮಾರಿಯಾದರೂ ಸರಿ.

ಪೋಪ್ ಫ್ರಾನ್ಸಿಸರು 2015ರ ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಅನಗತ್ಯ ದೀಪ ಆರಿಸುವಂತಹ ಸಣ್ಣ ಕೆಲಸವನ್ನೂ ಹೆಸರಿಸಿದ್ದಾರೆ. ಬಡವರ ಮೊರೆಯನ್ನೂ ಭೂಮಿಯ ಮೊರೆಯನ್ನೂ ಒಟ್ಟಿಗೇ ಆಲಿಸಬೇಕೆಂದಿದ್ದಾರೆ. ಅದನ್ನೋದುವಾಗ ನಮಗೆ ನೆನಪಾಗುವುದು ಲೈನ್‌ಮನೆಗಳು. ಸೂರ್ಯಘರ್ ಸಹಾಯಧನ ಸ್ವಂತ ಛಾವಣಿ, ಸ್ವಂತ ಸಂಪರ್ಕವುಳ್ಳವರಿಗೆ ಮಾತ್ರ. ತೋಟದ ಕಾರ್ಮಿಕ ಕುಟುಂಬಕ್ಕೆ ಛಾವಣಿ ತನ್ನದಲ್ಲ, ಹಲವೆಡೆ ಮೀಟರೂ ತನ್ನದಲ್ಲ. ಗಾಳಿಮಳೆಯ ರಾತ್ರಿ ಗುಡ್ಡದ ಬುಡದಲ್ಲಿ ಕತ್ತಲಲ್ಲಿ ಕುಳಿತು, ಬ್ಯಾಟರಿ ಮುಗಿದ ಮೊಬೈಲ್ ಹಿಡಿದುಕೊಂಡಿರುವವರು ಬಹಳಷ್ಟು ಬಾರಿ ಅವರೇ. ಪುಟ್ಟದೊಂದು ಫಲಕ, ಬ್ಯಾಟರಿ, ಎರಡು ಎಲ್‌ಇಡಿ ದೀಪ, ಮೊಬೈಲ್ ಚಾರ್ಜಿಗೊಂದು ಕೊಂಡಿ. ಇಷ್ಟಕ್ಕೆ ಸಾಲ ಬೇಡ, ಮಾಲೀಕರು ಮನಸ್ಸು ಮಾಡಿದರೆ ಸಾಕು. ನಮ್ಮ ವಾಚಕರಲ್ಲಿ ತೋಟದೊಡೆಯರೂ ಇದ್ದಾರೆ, ಲೈನ್‌ಮನೆಯವರೂ ಇದ್ದಾರೆ. ಈ ಮಾತುಕತೆ ಏಪ್ರಿಲ್ ಬಿಸಿಲಿರುವಾಗಲೇ ನಡೆಯಲಿ. ಜೂನ್ ಹಿಡಿದ ಮೇಲೆ ಛಾವಣಿ ಹತ್ತಲು ಯಾರೂ ಸಿಗುವುದಿಲ್ಲ.