ಜರ್ಮನಿಯಲ್ಲಿ 50 ಸಾವಿರ ಯೂರೋ ಸಂಬಳ ಅಂದ್ರೆ ಮುಂಬೈನ 50 ಲಕ್ಷ ಅಲ್ಲ: ಹೊರಡುವ ಮುನ್ನ ಈ ಲೆಕ್ಕ ನೋಡಿ

ಮುಂಬೈ: ಡೊಂಬಿವಲಿಯ ಫ್ಲ್ಯಾಟ್‌ಗೆ ಜರ್ಮನಿಯ ಕಂಪನಿಯೊಂದರಿಂದ ಆಫರ್ ಲೆಟರ್ ಬರುತ್ತದೆ. ವರ್ಷಕ್ಕೆ 50,000 ಯೂರೋ. ಮನೆಯಲ್ಲಿ ಮೊದಲು ನಡೆಯುವ ಕೆಲಸವೆಂದರೆ ಮೊಬೈಲ್ ಕ್ಯಾಲ್ಕ್ಯುಲೇಟರ್ ತೆಗೆದು 100ರಿಂದ ಗುಣಿಸುವುದು. ಐವತ್ತು ಲಕ್ಷ! ಊರಿಗೆ, ನೆಂಟರಿಗೆ ಸುದ್ದಿ ಹೋಗುತ್ತದೆ. ಮಗ ತಿಂಗಳಿಗೆ ನಾಲ್ಕು ಲಕ್ಷ ದುಡಿಯುತ್ತಾನೆ ಎಂಬ ಲೆಕ್ಕದಲ್ಲೇ ಗೃಹಸಾಲದ ಕಂತು, ತಂಗಿಯ ಮದುವೆ ಎಲ್ಲವೂ ನಿಗದಿಯಾಗುತ್ತದೆ.

ಗುಣಾಕಾರ ತಪ್ಪಲ್ಲ. ಆದರೆ ಖರ್ಚು ಕೂಡ ಯೂರೋದಲ್ಲೇ ಆಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಮುಂಬೈನವರಿಗೆ ದುಬಾರಿ ನಗರವೆಂದರೇನು ಎಂದು ಯಾರೂ ಕಲಿಸಬೇಕಿಲ್ಲ. ವಲಸಿಗ ಉದ್ಯೋಗಿಗಳ ಜೀವನ ವೆಚ್ಚದ ಕುರಿತು ಮರ್ಸರ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಭಾರತದ ಅತಿ ದುಬಾರಿ ನಗರ ಮುಂಬೈಯೇ. ಆದರೂ ಜಾಗತಿಕವಾಗಿ ಅದರ ಸ್ಥಾನ 136. ಅದೇ ಪಟ್ಟಿಯಲ್ಲಿ 3ರಿಂದ 6ರವರೆಗಿನ ಸ್ಥಾನಗಳೆಲ್ಲ ಜರ್ಮನಿಯ ನೆರೆಯ ಸ್ವಿಟ್ಜರ್ಲೆಂಡ್‌ನ ನಗರಗಳ ಪಾಲು. ಜರ್ಮನಿ ಅಷ್ಟು ದುಬಾರಿಯಲ್ಲ, ಆದರೆ ಅಗ್ಗವೂ ಅಲ್ಲ.

ಕೈಗೆ ಸಿಗುವುದೆಷ್ಟು?

ವರ್ಷಕ್ಕೆ 50,000 ಯೂರೋ ಎಂದರೆ ತಿಂಗಳಿಗೆ ಸುಮಾರು 4,167 ಯೂರೋ. ಮದುವೆಯಾಗದ, ಮಕ್ಕಳಿಲ್ಲದ ಉದ್ಯೋಗಿಯ ಖಾತೆಗೆ ಬರುವುದು ಸುಮಾರು 2,700 ಯೂರೋ ಮಾತ್ರ. ಉಳಿದದ್ದು ಆದಾಯ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಮತ್ತು ವೃದ್ಧಾಪ್ಯದ ಆರೈಕೆ ವಿಮೆಗೆ ಹೋಗುತ್ತದೆ. ಪಿಂಚಣಿಗೇ ಸಂಬಳದ ಶೇ 18.6. ಅದರಲ್ಲಿ ಅರ್ಧ ಉದ್ಯೋಗಿಯದು, ಇನ್ನರ್ಧ ಕಂಪನಿಯದು.

ಜರ್ಮನಿಯಲ್ಲಿ ಎಲ್ಲ ಉದ್ಯೋಗಿಗಳನ್ನೂ ಆರು ತೆರಿಗೆ ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಒಂಟಿ ವ್ಯಕ್ತಿ ಒಂದನೇ ವರ್ಗ. ಪತ್ನಿಯೂ ಜೊತೆಗಿದ್ದು ಅವರಿಗೆ ಕೆಲಸವಿಲ್ಲದಿದ್ದರೆ ಮೂರನೇ ವರ್ಗ ಪಡೆಯಬಹುದು, ತಿಂಗಳಿಗೆ ಕೆಲವು ನೂರು ಯೂರೋ ಹೆಚ್ಚು ಉಳಿಯುತ್ತದೆ. ಮಗು ಇದ್ದರೆ ಸರ್ಕಾರವೇ ತಿಂಗಳಿಗೆ 255 ಯೂರೋ ಕೊಡುತ್ತದೆ (2025ರ ದರ). ಇನ್ನು ಆರನೇ ವರ್ಗ ಎಂಬುದೊಂದಿದೆ, ಅದರಲ್ಲಿ ಕಡಿತ ಅತಿ ಹೆಚ್ಚು. ಹೊಸಬರು ಗೊತ್ತಿಲ್ಲದೆ ಸಿಕ್ಕಿಬೀಳುವುದು ಇಲ್ಲೇ. ಜರ್ಮನಿ ತಲುಪಿ ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಸಂಖ್ಯೆ ಕೊಡದಿದ್ದರೆ ಕಂಪನಿ ಆರನೇ ವರ್ಗದ ಲೆಕ್ಕದಲ್ಲೇ ತೆರಿಗೆ ಹಿಡಿಯಬಹುದು. ಹೆಚ್ಚು ಕಡಿತವಾದದ್ದು ನಂತರ ಸರಿಹೋಗುತ್ತದೆ ನಿಜ, ಆದರೆ ಕೈ ಖಾಲಿಯಿರುವ ಮೊದಲ ತಿಂಗಳಲ್ಲೇ ಹೀಗಾದರೆ ಕಷ್ಟ.

ಮನೆ ಬಾಡಿಗೆಯೇ ಅಸಲಿ ಪ್ರಶ್ನೆ

ಜರ್ಮನಿಯ ಬಾಡಿಗೆ ಜಾಹೀರಾತುಗಳಲ್ಲಿ ಎರಡು ಮೊತ್ತಗಳಿರುತ್ತವೆ. ಒಂದು 'ಕಾಲ್ಟ್‌ಮೀಟೆ', ಅಂದರೆ ಬರೀ ಮನೆಯ ಬಾಡಿಗೆ. ಇನ್ನೊಂದು 'ವಾರ್ಮ್‌ಮೀಟೆ', ಅಂದರೆ ನೀರು, ಕಸ, ಕಟ್ಟಡ ನಿರ್ವಹಣೆ ಮತ್ತು ಸಾಮಾನ್ಯವಾಗಿ ಚಳಿಗಾಲದ ಹೀಟಿಂಗ್ ಸೇರಿದ ಮೊತ್ತ. ನಮ್ಮ ಸೊಸೈಟಿಯ ಮೇಂಟೆನೆನ್ಸ್ ಸೇರಿಸಿ ಹೇಳಿದ ಹಾಗೆ. ಎರಡನೆಯದನ್ನೇ ನೋಡಬೇಕು. ವಿದ್ಯುತ್, ಇಂಟರ್ನೆಟ್ ಸಾಮಾನ್ಯವಾಗಿ ಅದರಲ್ಲೂ ಸೇರಿರುವುದಿಲ್ಲ.

ಮ್ಯೂನಿಕ್‌ನಲ್ಲಿ ಒಬ್ಬರಿಗೆ ಸಾಕಾಗುವ ಪುಟ್ಟ ಮನೆಗೆ ಸಾವಿರ ಯೂರೋ ದಾಟುವುದು ಮಾಮೂಲು. ಪೂರ್ವದ ಲೈಪ್ಜಿಗ್‌ನಲ್ಲಿ ಅದರ ಅರ್ಧಕ್ಕೆ ಸಿಗಬಹುದು. ಹಾಗಾಗಿ ಮ್ಯೂನಿಕ್‌ನ 55 ಸಾವಿರದ ಕೆಲಸಕ್ಕಿಂತ ಲೈಪ್ಜಿಗ್‌ನ 48 ಸಾವಿರದ ಕೆಲಸದಲ್ಲಿ ತಿಂಗಳ ಕೊನೆಗೆ ಹೆಚ್ಚು ಹಣ ಉಳಿಯುವುದು ಸಾಧ್ಯ. ಆಫರ್ ಬಂದಾಗ ಸಂಬಳಕ್ಕಿಂತ ಮೊದಲು ಊರು ಯಾವುದೆಂದು ಕೇಳಿ.

ಡಿಪಾಸಿಟ್ ವಿಷಯದಲ್ಲಿ ಮಾತ್ರ ಜರ್ಮನಿಯ ಕಾನೂನು ಬಾಡಿಗೆದಾರರ ಪರ. ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕಿದೆ. ಬ್ರೋಕರ್‌ನನ್ನು ಯಾರು ಕರೆದರೋ ಅವರೇ ಕಮಿಷನ್ ಕೊಡಬೇಕೆಂಬ ನಿಯಮ 2015ರಿಂದ ಇದೆ. ಹನ್ನೊಂದು ತಿಂಗಳ ಅಗ್ರಿಮೆಂಟ್, ಮತ್ತೆ ಮತ್ತೆ ದಲ್ಲಾಳಿ ಎಂದು ಬೇಸತ್ತ ಮುಂಬೈಕರರಿಗೆ ಇದು ಸ್ವರ್ಗವೆನಿಸಬಹುದು. ಆದರೆ ಮನೆ ಸಿಗಬೇಕಲ್ಲ! ಸಿಕ್ಕಿದ ಮನೆಯಲ್ಲಿ ಅಡುಗೆಮನೆಯ ಸಿಂಕ್, ಒಲೆ, ಕಪಾಟು ಏನೂ ಇಲ್ಲದಿರುವುದೂ ಉಂಟು. ಹಿಂದಿನ ಬಾಡಿಗೆದಾರರು ಅವನ್ನು ಬಿಚ್ಚಿಕೊಂಡು ಹೋಗುವುದು ಅಲ್ಲಿನ ರೂಢಿ.

ಸಣ್ಣ ಖರ್ಚುಗಳು

ಹಾಲು ಲೀಟರಿಗೆ ಒಂದು ಯೂರೋ ಆಸುಪಾಸು. ಆಲೂಗಡ್ಡೆ, ಬ್ರೆಡ್ ಕೂಡ ಕೈಗೆಟುಕುವಂತಿವೆ. ಮನೆಯಲ್ಲೇ ಅಡುಗೆ ಮಾಡಿದರೆ ಒಬ್ಬರ ದಿನಸಿ ಖರ್ಚು 250-300 ಯೂರೋದಲ್ಲಿ ಮುಗಿಯುತ್ತದೆ. ಹೊರಗೆ ತಿಂದರೆ ಲೆಕ್ಕ ತಪ್ಪುತ್ತದೆ. ಮಾಟುಂಗಾದ ಉಡುಪಿ ಹೋಟೆಲಿನ ಮಸಾಲೆ ದೋಸೆಯ ದರ ಮನಸ್ಸಿನಲ್ಲಿಟ್ಟುಕೊಂಡು ಬರ್ಲಿನ್‌ನ ಮೆನು ನೋಡಬೇಡಿ, ಅಲ್ಲಿ ಹತ್ತು ಯೂರೋಗಿಂತ ಕಡಿಮೆಗೆ ದೋಸೆ ಸಿಗುವುದು ಅಪರೂಪ. ಮನೆಗೆಲಸದ ಬಾಯಿ, ಇಸ್ತ್ರಿವಾಲಾ, ಫೋನ್ ಮಾಡಿದರೆ ಮೆಟ್ಟಿಲು ಹತ್ತಿ ಬರುವ ಕಿರಾಣಿ ಅಂಗಡಿಯ ಹುಡುಗ, ಇವರು ಯಾರೂ ಅಲ್ಲಿಲ್ಲ. 2025ರಲ್ಲಿ ಕನಿಷ್ಠ ವೇತನವೇ ಗಂಟೆಗೆ 12.82 ಯೂರೋ ಇರುವ ದೇಶವದು. ಇನ್ನೊಬ್ಬರ ಶ್ರಮಕ್ಕೆ ಅಲ್ಲಿ ಬೆಲೆಯಿದೆ, ಅದನ್ನು ನೀವೇ ಕೊಡಬೇಕು.

ದೇಶದಾದ್ಯಂತ ಲೋಕಲ್ ರೈಲು, ಬಸ್, ಮೆಟ್ರೋಗಳಲ್ಲಿ ಓಡಾಡಲು ಒಂದೇ ಪಾಸ್ ಇದೆ. 2023ರಲ್ಲಿ 49 ಯೂರೋ ಇದ್ದದ್ದು 2025ರಲ್ಲಿ 58 ಆಯಿತು. ಟಿವಿ ಇರಲಿ, ಬಿಡಲಿ, ಪ್ರತಿ ಮನೆಯಿಂದ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ವಸೂಲಾಗುತ್ತದೆ.

ಹಿಂದೆ ದಕ್ಷಿಣ ಕನ್ನಡದಿಂದ ಮುಂಬೈಗೆ ಬಂದ ಹುಡುಗರು ಹೋಟೆಲಿನಲ್ಲಿ ದುಡಿದು, ಅಲ್ಲೇ ಉಂಡು, ಅಲ್ಲೇ ಮಲಗಿ, ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದುತ್ತಿದ್ದರು. ಸಂಬಳ ಚಿಕ್ಕದಾದರೂ ಊಟ, ವಸತಿಗೆ ಖರ್ಚಿಲ್ಲದ ಕಾರಣ ಊರಿಗೆ ಮನಿಯಾರ್ಡರ್ ಹೋಗುತ್ತಿತ್ತು. ಅವರ ಮೊಮ್ಮಕ್ಕಳ ಸಂಬಳ ದೊಡ್ಡದು, ಆದರೆ ಅದರ ಬಹುಪಾಲು ಮನೆ ಬಾಡಿಗೆ ಮತ್ತು ತೆರಿಗೆಗೇ ಹೋಗುತ್ತದೆ.

ವಿದ್ಯಾರ್ಥಿಗಳ ಪಾಲಿಗೆ ಬಿಗಿ ಲೆಕ್ಕ

ಓದಲು ಹೋಗುವವರು ವೀಸಾಗೆ ಮೊದಲೇ ವರ್ಷದ ಖರ್ಚಿನ ಹಣ ತೋರಿಸಬೇಕು. 'ಬ್ಲಾಕ್ಡ್ ಅಕೌಂಟ್'ನಲ್ಲಿ ಇಡಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ 800 ಯೂರೋ ಆಸುಪಾಸು, ಆರೋಗ್ಯ ವಿಮೆಗೆ 140-150. ಊಟಕ್ಕೆ ಉಳಿಯುವುದು ಐವತ್ತು ಯೂರೋ! ಕೆಮ್ನಿಟ್ಸ್‌ನಂಥ ಊರಿನಲ್ಲಿ ಅದೇ 992ರಲ್ಲಿ ನೆಮ್ಮದಿಯಾಗಿ ಬದುಕಬಹುದು. ಪಾರ್ಟ್‌ಟೈಮ್ ಕೆಲಸಕ್ಕೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಅವಕಾಶವಿದೆ. ಆದರೆ ಜರ್ಮನ್ ಭಾಷೆ ಬಾರದಿದ್ದರೆ ಕೆಲಸ ಸಿಗುವುದು ಕಷ್ಟ. ಕಾಲಾಘೋಡಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಭಾಷೆಗೆ ಕೊಡುವ ಶುಲ್ಕವನ್ನು ಖರ್ಚು ಎಂದು ನೋಡದಿರುವುದೇ ಒಳಿತು.

'ಜರ್ಮನಿಯಲ್ಲಿ ಓದು ಉಚಿತ' ಎಂಬ ಮಾತೂ ಅರ್ಧ ಸತ್ಯ. ಸರ್ಕಾರಿ ವಿವಿಗಳಲ್ಲಿ ಬಹುತೇಕ ಶುಲ್ಕವಿಲ್ಲ. ಆದರೆ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಭಾರತೀಯರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್ ತಾಂತ್ರಿಕ ವಿವಿ 2024ರ ಚಳಿಗಾಲದ ಸೆಮಿಸ್ಟರ್‌ನಿಂದ 2,000ದಿಂದ 6,000 ಯೂರೋ ಶುಲ್ಕ ಹಾಕಿದೆ.

ಹಣ ಕಳಿಸುವಾಗ ಟಿಸಿಎಸ್ ಮರೆಯಬೇಡಿ. 2025ರ ಏಪ್ರಿಲ್‌ನಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕ್ ಈ ತೆರಿಗೆ ಹಿಡಿಯುತ್ತದೆ. ಬ್ಲಾಕ್ಡ್ ಅಕೌಂಟ್ ಒಂದರಿಂದಲೇ ಆ ಮಿತಿ ದಾಟುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಟಿಸಿಎಸ್ ಇಲ್ಲ. ಸ್ವಂತ ಹಣವಾದರೆ ಕಡಿತವಾದದ್ದನ್ನು ಐಟಿ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಅಲ್ಲಿಯವರೆಗೆ ಆ ದುಡ್ಡು ಕೈಯಲ್ಲಿರುವುದಿಲ್ಲ ಅಷ್ಟೆ.

ಇನ್ನು ಮುಂಬೈನ ಕಂಪನಿಯೇ ಜರ್ಮನಿಗೆ ಕಳಿಸುತ್ತಿದ್ದರೆ ಒಂದು ಅನುಕೂಲವಿದೆ. ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಇಲ್ಲಿ ಪಿಎಫ್ ಕಟ್ಟುತ್ತಿರುವ ನೌಕರರು 48 ತಿಂಗಳವರೆಗೆ ಅಲ್ಲಿನ ಪಿಂಚಣಿಗೆ ಮತ್ತೆ ಕಟ್ಟಬೇಕಿಲ್ಲ. ಇದಕ್ಕೆ ಇಪಿಎಫ್ಒ ಕೊಡುವ ಪ್ರಮಾಣಪತ್ರ ಬೇಕು. ವಿಮಾನ ಹತ್ತುವ ಮೊದಲೇ ಎಚ್ಆರ್ ವಿಭಾಗಕ್ಕೆ ಹೇಳಿ ಅದನ್ನು ಮಾಡಿಸಿಕೊಳ್ಳಿ.