ಆಕಾಶದ ಕಲ್ಲು ಭೂಮಿಗೆ ಬೀಳುವ ಬಗೆ

ಕಾಲೇಜಿನಲ್ಲಿ ಓದುತ್ತಿರುವ ತರುಣನೊಬ್ಬನು ಪತ್ರ ಬರೆದು, “ಅಂತರಿಕ್ಷದಲ್ಲಿ ಗುರುತ್ವಾಕರ್ಷಣೆಯೇ ಇಲ್ಲವೆನ್ನುತ್ತಾರೆ; ಹಾಗಿದ್ದ ಮೇಲೆ ಅಲ್ಲಿರುವ ಉಲ್ಕೆಯನ್ನು ಭೂಮಿ ಎಳೆದುಕೊಳ್ಳುವುದು ಹೇಗೆ?” ಎಂದು ಕೇಳಿದ್ದಾನೆ. ಪ್ರಶ್ನೆ ಸೊಗಸಾದುದು, ಅದರ ಪೂರ್ವಾರ್ಧ ಸುಳ್ಳೆಂಬುದನ್ನು ಉತ್ತರಾರ್ಧವೇ ಸಾರಿ ಹೇಳುತ್ತಿದೆ.

ನಮ್ಮ ಜನರಲ್ಲಿ ಬಲವಾಗಿ ಬೇರೂರಿರುವ ಭ್ರಮೆ ಇದು. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರಿಕ್ಷ ನಿಲ್ದಾಣದ ಮೇಲೂ ಆಕರ್ಷಣೆ ನೆಲದ ಮೇಲಿನದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದ್ದೇ ಇದೆ. ಅಲ್ಲಿನ ಯಾತ್ರಿಗಳು ತೇಲುವುದು ಆಕರ್ಷಣೆ ಇಲ್ಲದುದರಿಂದಲ್ಲ. ನಿಲ್ದಾಣವೂ ಅದರೊಳಗಿನ ಜನರೂ ಒಟ್ಟಿಗೆ ಭೂಮಿಯ ಕಡೆಗೆ ಬೀಳುತ್ತಲೇ ಇದ್ದಾರೆ, ಆದರೆ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಅಡ್ಡಲಾಗಿ ಧಾವಿಸುತ್ತಿರುವುದರಿಂದ, ಅವರು ಎಷ್ಟು ಕೆಳಗಿಳಿದರೂ ದುಂಡಾದ ಭೂಮಿಯ ನೆಲ ಅಷ್ಟೇ ಬಾಗಿ ದೂರ ಸರಿಯುತ್ತದೆ. ನ್ಯೂಟನ್ ಮಹಾಶಯನು ಇದೇ ಲೆಕ್ಕವನ್ನು ಚಂದ್ರನಿಗೆ ಅನ್ವಯಿಸಿದನು. ಕೈಬಿಟ್ಟ ಕಲ್ಲು ನಮ್ಮಲ್ಲಿ ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರನು ಭೂಕೇಂದ್ರದಿಂದ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು ದೂರದಲ್ಲಿರುವುದರಿಂದ ಆಕರ್ಷಣೆ ಅಲ್ಲಿ 60ರ ವರ್ಗದಷ್ಟು, ಎಂದರೆ 3,600 ಪಟ್ಟು, ಕುಗ್ಗಿರಬೇಕು. ಆದುದರಿಂದ ಚಂದ್ರನು ತನ್ನ ನೇರ ದಾರಿಯನ್ನು ಬಿಟ್ಟು ಸೆಕೆಂಡೊಂದಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಾಗಿ ಭೂಮಿಯತ್ತ ಬೀಳಬೇಕು. ಅವನ ಕಕ್ಷೆ ಬಾಗಿರುವುದು ಸರಿಯಾಗಿ ಅಷ್ಟೇ! ಮನುಷ್ಯನ ಬುದ್ಧಿ ಆಕಾಶಕ್ಕೆ ಕೈಚಾಚಿ ಮಿಲಿಮೀಟರನ್ನು ಅಳೆದ ಈ ಪ್ರಸಂಗಕ್ಕಿಂತ ರೋಮಾಂಚಕವಾದುದು ವಿಜ್ಞಾನದ ಚರಿತ್ರೆಯಲ್ಲಿ ನನಗೆ ಬೇರೊಂದು ಕಾಣದು.

ಇನ್ನು ಉಲ್ಕೆಯ ಮಾತು. ಸೂರ್ಯನನ್ನು ತನ್ನ ಪಾಡಿಗೆ ಸುತ್ತುತ್ತಿರುವ ಕಲ್ಲೊಂದರ ದಾರಿ ಭೂಮಿಯ ದಾರಿಗೆ ಅಡ್ಡ ಬಂದಾಗ, ಆಕರ್ಷಣೆ ಅದರ ಪಥವನ್ನು ತನ್ನೆಡೆಗೆ ಬಾಗಿಸಿ ವೇಗವನ್ನೂ ಏರಿಸುತ್ತದೆ. ಅತಿದೂರದಲ್ಲಿ ಭೂಮಿಯ ಮಟ್ಟಿಗೆ ನಿಶ್ಚಲವಾಗಿದ್ದ ಕಲ್ಲು ಕೂಡ ಇಲ್ಲಿಗೆ ತಲಪುವ ಹೊತ್ತಿಗೆ ಸೆಕೆಂಡಿಗೆ 11.2 ಕಿಲೋಮೀಟರ್ ವೇಗವನ್ನು ಗಳಿಸಿರುತ್ತದೆ. ಭೂಮಿಯ ಹಿಡಿತದಿಂದ ಪಾರಾಗಲು ರಾಕೆಟ್ಟಿಗೆ ಬೇಕಾದ ವೇಗವೂ ಇಷ್ಟೇ ಎಂಬುದನ್ನು ಓದುಗರು ಗಮನಿಸಬೇಕು. 2008ರ ಅಕ್ಟೋಬರ್ 6ರಂದು ಅಮೆರಿಕದ ಅರಿಜೋನಾದಲ್ಲಿ ಖಗೋಳಜ್ಞರು ಸುಮಾರು ನಾಲ್ಕು ಮೀಟರ್ ಅಗಲದ ಬಂಡೆಯೊಂದನ್ನು ದೂರದರ್ಶಕದಲ್ಲಿ ಕಂಡರು; ಈ ಗುರುತ್ವದ ಗಣಿತದಿಂದಲೇ ಅದು ಎಲ್ಲಿ, ಯಾವಾಗ ಬೀಳುವುದೆಂದು ವಿಜ್ಞಾನಿಗಳು ಮುಂದಾಗಿ ಸಾರಿದರು; ಮರುದಿನ ಅದು ಸುಡಾನಿನ ನ್ಯೂಬಿಯನ್ ಮರುಭೂಮಿಯ ಮೇಲಣ ವಾಯುಮಂಡಲಕ್ಕೆ ಸೆಕೆಂಡಿಗೆ 12 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಬಂದೆರಗಿತು. ಅದರ ಸ್ವಂತ ವೇಗ, ಭೂಮಿಯ ಲೆಕ್ಕದಲ್ಲಿ, ಐದಾರು ಕಿಲೋಮೀಟರ್ ಮಾತ್ರ. ಮಿಕ್ಕುದೆಲ್ಲ ಭೂಮಿಯ ಕೊಡುಗೆ. ಡಿಸೆಂಬರಿನಲ್ಲಿ ಖಾರ್ಟೂಮ್ ವಿಶ್ವವಿದ್ಯಾಲಯದ ಮುಆವಿಯಾ ಶದ್ದಾದ್ ಅವರು ವಿದ್ಯಾರ್ಥಿಗಳೊಡನೆ ಸಾಲುಗಟ್ಟಿ ನಡೆದು ಮರಳಿನ ಮೇಲಿಂದ ಅದರ ಕಪ್ಪು ತುಣುಕುಗಳನ್ನು ಆಯ್ದುತಂದರು. ಅಂತರಿಕ್ಷದಲ್ಲಿ ಮೊದಲೇ ಕಂಡ ಕಲ್ಲೊಂದು ಕೈಗೆ ಸಿಕ್ಕಿದುದು ಅದೇ ಪ್ರಥಮ.

ಉಲ್ಕಾಶಿಲೆ ಕೆಂಡದಂತೆ ಉರಿಯುತ್ತ ನೆಲಕ್ಕೆ ಬೀಳುವುದೆಂಬ ನಂಬಿಕೆಯೂ ಸರಿಯಲ್ಲ. ಸೈಕಲ್ ಪಂಪನ್ನು ಒತ್ತುವಾಗ ಅದರ ತಳ ಬಿಸಿಯಾಗುವಂತೆ, ಕಲ್ಲಿನ ಮುಂದೆ ಥಟ್ಟನೆ ಅದುಮಲ್ಪಟ್ಟ ಗಾಳಿ ಕಾದು ಬೆಳಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಹೊರಪದರ ಕರಗಿ ಹಾರಿಹೋಗುತ್ತದೆ. ಗಾಳಿಯ ತಡೆಯಿಂದ ಆ ಮಹಾವೇಗ ಉಡುಗಿ, ನೆಲ ಇನ್ನೂ ಹಲವು ಕಿಲೋಮೀಟರ್ ಕೆಳಗಿರುವಾಗಲೇ ಬೆಳಕು ಆರಿ, ಉಳಿದ ಕಲ್ಲು ಸಾಮಾನ್ಯ ಕಲ್ಲಿನಂತೆ ಕತ್ತಲಲ್ಲಿ ಬೀಳುತ್ತದೆ. ಇಂಥದೊಂದು ತುಣುಕನ್ನು ಕೈಯಲ್ಲಿ ಹಿಡಿದು ನೋಡುವ ಭಾಗ್ಯ ನನಗೆ ಒದಗಿತ್ತು: ಕರಗಿ ಗಟ್ಟಿಯಾದ ಕಪ್ಪು ಸಿಪ್ಪೆ ಉಗುರಿನಷ್ಟು ತೆಳ್ಳಗಿದ್ದಿತು, ಒಡೆದ ಅಂಚಿನಲ್ಲಿ ಒಳಗಿನ ಬೂದುಬಣ್ಣದ ಶಿಲೆ ಬೆಂಕಿಯನ್ನೇ ಅರಿಯದಂತೆ ಇದ್ದಿತು.

ನಕ್ಷತ್ರ ಬಿದ್ದರೆ ದೊಡ್ಡವರಾರೋ ಸತ್ತರೆಂದು ಇಂದಿಗೂ ಹೇಳುವವರಿದ್ದಾರೆ. ಇದನ್ನು ಮಕ್ಕಳ ತಲೆಗೆ ತುಂಬುವುದು ತಪ್ಪು. ಸೂರ್ಯನೆಂಬ ನಕ್ಷತ್ರವೊಂದೇ ಭೂಮಿಯ ಮೂರು ಲಕ್ಷಕ್ಕೂ ಹೆಚ್ಚು ಪಟ್ಟು ದ್ರವ್ಯರಾಶಿಯುಳ್ಳದ್ದು. ಅಂಥ ನಕ್ಷತ್ರ ಸಮೀಪಿಸಿದರೆ ಅದು ಭೂಮಿಗೆ ಬೀಳುವುದಿಲ್ಲ, ಭೂಮಿಯೇ ಅದಕ್ಕೆ ಬೀಳಬೇಕಾಗುತ್ತದೆ.

1866ರಲ್ಲಿ ನಮ್ಮ ಉಡುಪಿಯ ಬಳಿಯಲ್ಲೂ ಉಲ್ಕಾಶಿಲೆ ಬಿದ್ದುದುಂಟು. ಮುಂದೆಯೂ ನಮ್ಮ ಹೊಲಗದ್ದೆಗಳಲ್ಲಿ ಬೀಳಬಹುದು. ಹಾಗೆ ಬಿದ್ದಲ್ಲಿ ಅರಿಸಿನ ಕುಂಕುಮ ಹಚ್ಚದೆ, ನೀರಿನಿಂದ ತೊಳೆಯದೆ, ಬಿದ್ದ ಜಾಗವನ್ನೂ ಹೊತ್ತನ್ನೂ ಬರೆದಿಟ್ಟುಕೊಂಡು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಕೂಡಲೆ ತಿಳಿಸಬೇಕೆಂದು ಓದುಗರಲ್ಲಿ ನನ್ನ ವಿನಂತಿ.