ಮಾಸ್ಟರ್ ಸಿಲಿಂಡರಿನ ವ್ಯಾಸನಿರ್ಣಯ

ಮದಗ-ಮಾಸೂರು ಕೆರೆಯ ತೂಬಿನ ಮೇಲಣ ಒತ್ತಡವನ್ನು ನಿರ್ಣಯಿಸುವುದು ನೀರಿನ ಆಳವೇ ಹೊರತು ಕೆರೆಯ ಹರವಲ್ಲ. ಕಾರಿನ ಬ್ರೇಕಿನಲ್ಲಿ ಆಳದ ಮಾತಿಲ್ಲ. ಪೆಡಲಿನ ಸನ್ನೆಯಿಂದ ವರ್ಧಿಸಿದ ಪಾದಬಲವನ್ನು ಮಾಸ್ಟರ್ ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ದೊರೆಯುತ್ತದೆ. ಆದುದರಿಂದ ಹಳೆಯ ಕಾರಿಗೆ ಡಿಸ್ಕ್ ಬ್ರೇಕ್ ಕೂಡಿಸುವವರು ದೊಡ್ಡ ಸಿಲಿಂಡರೇ ಬಲಿಷ್ಠವೆಂದು ಬಗೆಯಬಾರದು. 19.05 ಮಿ.ಮೀ. ವ್ಯಾಸದ ಸಿಲಿಂಡರಿನ ವಿಸ್ತೀರ್ಣ 285 ಚದರ ಮಿ.ಮೀ.; 15.88ರದು 198. ಕಿರಿದರಲ್ಲಿ ಅದೇ ಬಲಕ್ಕೆ ಒತ್ತಡ 1.44 ಮಡಿ. ಆದರೆ ಅಷ್ಟೇ ದ್ರವವನ್ನು ತಳ್ಳಲು ಪೆಡಲೂ 1.44 ಮಡಿ ಚಲಿಸಬೇಕು. ಅದು ನೆಲ ಮುಟ್ಟಿತೆಂದರೆ ಬ್ರೇಕೇ ಇಲ್ಲ! ಕ್ಯಾಲಿಪರಿನ ಪಿಸ್ಟನ್ನುಗಳು ಬೇಡುವ ದ್ರವವನ್ನು ಮೊದಲು ಗಣಿಸಿ, ಪೆಡಲಿನ ಕೆಳಗೆ ಸಾಕಷ್ಟು ಅಂತರವುಳಿಸುವ ಅತಿ ಕಿರಿದಾದ ಸಿಲಿಂಡರನ್ನು ಆರಿಸುವುದು ಯುಕ್ತವೆಂದು ನಮ್ಮ ಮತ. ಕ್ಲಚ್ಚಿನಲ್ಲಾದರೋ ಚಲನೆಯೇ ಮುಖ್ಯ: ಸಿಲಿಂಡರು ಕಿರಿದಾದರೆ ಕ್ಲಚ್ಚು ಪೂರ್ತಿ ಬಿಡದು, ಹಿರಿದಾದರೆ ಪೆಡಲು ಬಿಗಿಯಾಗಿ, ಸ್ಪ್ರಿಂಗು ಮಿತಿಮೀರಿ ಬಾಗುವುದು.